ಫಕೀರನಿಗೆ ಸಿಹಿನೀರು

ದೋರನಹಳ್ಳಿ
ರವಿವಾರ, ೧೫ ಡಿಸೆಂಬರ್ ೨೦೨೪

ನುಜ್ಹತಳ ಅಬ್ಬಾ ಅವರಿಗೆ ಅಂಬರೀನಳ ಸಲಾಂ.

ನೀವು ಕಳಿಸಿದ ಬಕೆಟ್ಟು ಮುಟ್ಟಿ ಇಷ್ಟು ದಿನವಾದ ಮೇಲೆ ಬರೆಯುತ್ತಿದ್ದೇನೆ, ಬೈಯಬೇಡಿ. ಶಾಲೆಯಲ್ಲಿ ಪರೀಕ್ಷೆಯ ಗಡಿಬಿಡಿ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮ ಅಮ್ಮ ಪಕ್ಕದಲ್ಲೇ ಕೂತು ನನ್ನ ಅರ್ಧ ಮಾತು ತಾವೇ ಆಡುತ್ತಾರೆ. ಅವರು ಚೆನ್ನಾಗಿದ್ದಾರೆ, ಮೊಣಕಾಲು ನೋವು ಮಾತ್ರ ಹೋಗಿಲ್ಲ. ನುಜ್ಹತಳ ಹಟವೂ ಹೋಗಿಲ್ಲ. ಆಗಸ್ಟಿನಲ್ಲಿ ಅವಳು ನಿದ್ದೆಯಲ್ಲಿದ್ದಾಗ ಹೇಳದೆ ನೀವು ಮಲ್ಪೆ ಬಂದರಿನ ಕೆಲಸಕ್ಕೆ ಹೊರಟುಹೋದಿರಲ್ಲ, ಅಂದಿನಿಂದ ನಿಮ್ಮ ಕರೆ ಬಂದರೆ ಫೋನು ಮುಟ್ಟುವುದಿಲ್ಲ. ಅವಳ ತರಗತಿಗೆ ಸಮುದ್ರದ ಪಾಠವನ್ನು ನೀವು ಕಳಿಸಿದ ಸಾಮಾನಿನಿಂದಲೇ ಮಾಡಿದರೆ ಅವಳ ಮನಸ್ಸು ಕರಗೀತು ಎಂದು ನಾವಿಬ್ಬರೂ ಆಸೆಪಟ್ಟಿದ್ದೆವು. ಏನಾಯಿತು ಕೇಳಿ.

ಮೊದಲು ಯಾಕೂಬಸಾಬರಿಗೆ ನನ್ನ ದುವಾ. ಬಸ್ಸು ಓಡಿಸುವ ಮನುಷ್ಯ, ಆದರೂ ಆ ಬಕೆಟ್ಟನ್ನು ಕೂಸಿನ ಹಾಗೆ ಜೋಪಾನ ಮಾಡಿ ಶಹಾಪುರ ಸ್ಟ್ಯಾಂಡಿನಲ್ಲಿ ನನ್ನ ಕೈಗೆ ಕೊಟ್ಟರು. ಒಳಗೆ ಏನೋ ಕೆರೆಯುತ್ತಿದೆ ಎಂದು ಕಂಡಕ್ಟರ್ ದಾರಿಯುದ್ದಕ್ಕೂ ಹೆದರಿದ್ದನಂತೆ.

ಮರುದಿನವೇ ಏಳನೆಯ ತರಗತಿಯವರನ್ನು ನೆಲದ ಮೇಲೆ ದುಂಡಗೆ ಕೂರಿಸಿ, ಕಣ್ಣು ಮುಚ್ಚಿಸಿ, ಒಂದೊಂದೇ ಕೈಗೆ ಕೊಟ್ಟೆ. ಚಿಪ್ಪು, ಒಣಗಿದ ನಕ್ಷತ್ರಮೀನು, ಬೊಂಡಾಸ್ ಎನ್ನುವ ಮೀನಿನ ಮೈಯೊಳಗಿನ, ಸುಣ್ಣದಂಥ ಬಿಳಿ ಹಲಗೆ. ಮೀನು ಮುಟ್ಟಿದರೆ ಮನೆಯಲ್ಲಿ ಸ್ನಾನ ಮಾಡಿಸುತ್ತಾರೆ ಎಂದು ಶಿವರಾಜ ಕೈಕಟ್ಟಿ ಕೂತಿದ್ದ. ಆ ಹಲಗೆಯಿಂದ ಹಾಸುಗಲ್ಲಿನ ಮೇಲೆ ಬರೆಯಬಹುದು ಎಂದು ಗೊತ್ತಾದದ್ದೇ ತಡ, ಕಿತ್ತುಕೊಂಡು ತನ್ನ ಹೆಸರು ಬರೆದ, ನನ್ನದೂ ಬರೆದ, ಸ್ನಾನ ಮರೆತ. ಮೀನಿನ ಮೈಯಲ್ಲಿ ಸುಣ್ಣ ಎಲ್ಲಿಂದ ಬಂತು ಎಂದು ಅವನೇ ಕೇಳಿದ. ಇಷ್ಟು ವರ್ಷ ಪುಸ್ತಕ ಓದಿಸಿದರೂ ಒಂದು ಮಗುವೂ ಹೀಗೆ ಕೇಳಿರಲಿಲ್ಲ. ನನಗೆ ಕಣ್ಣು ತುಂಬಿತು. ನಿಮಗೆ ಹೇಗೆ ಶುಕ್ರಿಯಾ ಹೇಳಲಿ ಗೊತ್ತಾಗುತ್ತಿಲ್ಲ.

ಇನ್ನು ಜೀವಂತ ಬಂದ ಆ ಸನ್ಯಾಸಿ ಏಡಿ. ಬೇರೆಯವರ ಚಿಪ್ಪಿನಲ್ಲಿ ಇರುತ್ತದೆ, ಸ್ವಂತ ಮನೆಯಿಲ್ಲ ಎಂದಾಗ ಮಕ್ಕಳು ಅದಕ್ಕೆ ಫಕೀರ ಎಂದು ಹೆಸರಿಟ್ಟರು. ನೀವು ಕ್ಯಾನಿನಲ್ಲಿ ಕಳಿಸಿದ ಸಮುದ್ರದ ನೀರನ್ನೇ ಸ್ವಲ್ಪ ಬೋಗುಣಿಗೆ ಹಾಕಿ ಅದನ್ನು ಬಿಟ್ಟಿದ್ದೆ. ನಮ್ಮ ಊರು ನಿಮಗೆ ಗೊತ್ತಲ್ಲ, ಬೋರಿನ ನೀರು ಬಾಯಿಗೆ ಹಾಕುವ ಹಾಗಿಲ್ಲ, ಬಂದವರಿಗೆ ಒಂದು ಲೋಟ ಫಿಲ್ಟರ್ ನೀರು ಕೊಡುವುದೇ ದೊಡ್ಡ ಮರ್ಯಾದೆ. ಬಿಸಿಯೂಟದ ಗೊಲ್ಲಾಳಮ್ಮ ಬೋಗುಣಿಯಲ್ಲಿ ಬೆರಳದ್ದಿ ರುಚಿ ನೋಡಿದರು. “ಎಪ್ಪಾ, ಇಂಥಾ ಸವಳ ನೀರಾಗ ಜೀವ ಹೆಂಗ ಬಾಳಬೇಕ್ರಿ?” ಎಂದು ಮರುಗಿ, ಆ ನೀರು ಚೆಲ್ಲಿ, ತಾವು ಕುಡಿಯಲು ತಂದಿದ್ದ ಫಿಲ್ಟರ್ ನೀರನ್ನು ತುಂಬಿಸಿಬಿಟ್ಟರು.

ನಾವು ಊಟ ಮುಗಿಸಿ ಬಂದಾಗ ಫಕೀರ ಚಿಪ್ಪಿನಿಂದ ಅರ್ಧ ಹೊರಬಿದ್ದು ಕಾಲು ಚಾಚಿದ್ದ. ಏನಾಗಿದೆ ಎಂದು ನನಗೆ ತಿಳಿಯುವ ಮೊದಲೇ, ಅಲ್ಲಿಯವರೆಗೆ ಏನನ್ನೂ ಮುಟ್ಟದೆ ಗೋಡೆಗೊರಗಿ ಕೂತಿದ್ದ ನುಜ್ಹತ ಎದ್ದು ಬಂದಳು. ಅದನ್ನು ಅಂಗೈಯಲ್ಲಿ ಎತ್ತಿಕೊಂಡು, ಬೋಗುಣಿ ಬರಿದು ಮಾಡಿ, ಕ್ಯಾನಿನಲ್ಲಿ ಉಳಿದಿದ್ದ ಸಮುದ್ರದ ನೀರು ಸುರಿದಳು. “ಸಿಹಿನೀರಾಗ ಸಾಯ್ತದ ಅಂತ ಅಬ್ಬಾ ಹೇಳ್ಯಾನ,” ಅಂದಳು. ನೀವು ಹೇಳಿದ್ದು ನನಗೆ, ಫೋನಿನಲ್ಲಿ. ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಳ್ಳುತ್ತಾಳೆ ಹುಡುಗಿ. ಶಾಲೆ ಬಿಡುವ ಹೊತ್ತಿಗೆ ಫಕೀರ ಮತ್ತೆ ನಡೆದಾಡತೊಡಗಿದ. ಗೊಲ್ಲಾಳಮ್ಮ ಅತ್ತೇಬಿಟ್ಟರು, ಮರುದಿನ ತರಗತಿಗೆಲ್ಲ ಶೇಂಗಾ ಉಂಡಿ ಮಾಡಿ ತಂದರು.

ಇನ್ನು ಮಾತಾಡುತ್ತಾಳೆ ಅಂದುಕೊಂಡೆ. ಆದರೆ ಆ ಸಂಜೆ ನಿಮ್ಮ ಕರೆ ಬಂದಾಗ ಮತ್ತೆ ಬಾಗಿಲ ಹಿಂದೆಯೇ ನಿಂತಳು. ಹಟದಲ್ಲಿ ಥೇಟ್ ನಿಮ್ಮ ಮಗಳು.

ಮಕ್ಕಳೆಲ್ಲ ಸೇರಿ ಫಕೀರನನ್ನು ವಾಪಸು ಕಳಿಸಬೇಕೆಂದು ತೀರ್ಮಾನಿಸಿದರು. ಯಾಕೂಬಸಾಬರ ಬಸ್ಸಿನಲ್ಲೇ ಈ ಕಾಗದದ ಜೊತೆ ಬರುತ್ತಿದ್ದಾನೆ, ಬಂದರಿನ ಆಚೆ ಕಲ್ಲಿನ ಸಂದಿಯಲ್ಲಿ ಬಿಡಿ. ಮಂಜುಗಡ್ಡೆ ಹೊರುವಾಗ ಕೈಗೆ ಬಟ್ಟೆ ಸುತ್ತಿಕೊಳ್ಳಿ, ಹೊಟ್ಟೆ ತುಂಬ ಉಣ್ಣಿ. ಅಲ್ಲಾಹನು ನಿಮ್ಮನ್ನು ಸುಖವಾಗಿಟ್ಟಿರಲಿ.

ನಿಮ್ಮ
ಅಂಬರೀನ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ಬಕೆಟ್ಟಿನ ಬಾಯಿ ಕಟ್ಟುವಾಗ ನುಜ್ಹತಳನ್ನು ಕೇಳಿದೆ, ಅಬ್ಬಾನ ಮೇಲೆ ಇನ್ನೂ ಎಷ್ಟು ದಿನ ಸಿಟ್ಟು ಎಂದು. ಸಿಟ್ಟೇ ಇಲ್ಲವಂತೆ. “ಫೋನಿನಾಗ ಮಾತಾಡಿದ್ರ ಅಬ್ಬಾಗ ಅಷ್ಟಕ್ಕೇ ಸಾಕಾಗ್ತದ, ಅಲ್ಲೇ ಇದ್ದುಬಿಡ್ತಾನ. ನಾ ಮಾತಾಡ್ಲಿಲ್ಲಂದ್ರ, ಯಾಕ ಅಂತ ಕೇಳಾಕರ ಬರ್ತಾನ,” ಅಂದಳು. ಅದಕ್ಕಾಗಿ ಆ ಕೂಸು ಇಷ್ಟು ದಿನ ಬಾಯಿ ಬಿಗಿಹಿಡಿದಿದೆ. ನಾನು ಮಾತ್ರ ದಿನಾ ನಿಮ್ಮ ಜೊತೆ ಮಾತಾಡುತ್ತೇನೆ, ಇಲ್ಲಿ ಎಲ್ಲ ಆರಾಮ ಅನ್ನುತ್ತೇನೆ. ಆರಾಮಿಲ್ಲರಿ. ಒಮ್ಮೆ ಬಂದು ಹೋಗ್ರಿ.