ಉಪ್ಪಿಲ್ಲದ ಬ್ರೆಡ್ಡಿನ ಮಹಿಮೆ

ಅಕ್ಕಾ, ಮಹಾತಾಯೀ, ಆರೇ ಮೇಜಿನ ನಮ್ಮ ಇಟಾಲಿಯನ್ ಹೋಟೆಲೆಂಬ ಸಾಮ್ರಾಜ್ಯದ ಪಟ್ಟದರಸೀ!

ನೀನು ಕಣ್ಮುಚ್ಚಿ ಮೂರು ತಿಂಗಳಾಯಿತು. ಓದಲಾರೆಯೆಂದು ಗೊತ್ತಿದ್ದೂ ಇವತ್ತಿನ ವರದಿ ಒಪ್ಪಿಸುತ್ತಿದ್ದೇನೆ. ಮೊದಲು ತಪ್ಪೊಪ್ಪಿಗೆ: ಬೆಳಿಗ್ಗೆ ಬ್ರೆಡ್ಡಿನ ಹಿಟ್ಟಿಗೆ ಉಪ್ಪು ಹಾಕಿಬಿಟ್ಟೆ. ಇಟಲಿಯ ಟಸ್ಕನಿ ಸೀಮೆಯ ಬ್ರೆಡ್ಡಿಗೆ ಉಪ್ಪು ಬೀಳಕೂಡದೆಂದು ನೀನು ಹಟ ಹಿಡಿಯುತ್ತಿದ್ದೆ. ಗಿರಾಕಿಗಳು ಮುಖ ಕಿವುಚಿದಾಗಲೆಲ್ಲ ಬಡಿಸುವ ನಾನೂ ಅವರ ಜೊತೆ ಸೇರಿ ನಗುತ್ತಿದ್ದೆ.

ಮಧ್ಯಾಹ್ನ ಎದುರಂಗಡಿಯ ದರ್ಜಿ ಬಂದರು. ಹನ್ನೊಂದು ವರ್ಷ ನಿನ್ನ ಬ್ರೆಡ್ಡನ್ನು ‘ಸಪ್ಪೆ ಸನ್ಯಾಸಿ’ ಎಂದು ಹಂಗಿಸಿದ ಮಹಾನುಭಾವರು! ಮಾಂಸದ ಸಾರಿನಲ್ಲಿ ಅದ್ದಿ ಒಂದು ತುತ್ತು ತಿಂದವರೇ ತಟ್ಟೆ ಸರಿಸಿದರು.

“ಏನಯ್ಯಾ, ಸಾರೆಲ್ಲ ಉಪ್ಪುಪ್ಪು?”

“ಸಾರು ಅಕ್ಕನ ಅಳತೇದೇ, ಯಜಮಾನ್ರೇ. ಬ್ರೆಡ್ಡಿಗೆ ಉಪ್ಪು ಹಾಕಿದೀನಿ. ನೀವೇ ಕೇಳ್ತಿದ್ರಲ್ಲ!”

“ಬೈತಿದ್ದೆ ಕಣಯ್ಯಾ. ಒಂದಿನಾನಾದ್ರೂ ಒಂದು ಚೂರು ಬಿಟ್ಟಿದ್ದು ನೋಡಿದ್ಯಾ? ಆ ಸಪ್ಪೆ ಬ್ರೆಡ್ಡೇ ಈ ಸಾರನ್ನ ಸಂಭಾಳಿಸ್ತಿತ್ತು.”

ಅಯ್ಯೋ ಅಕ್ಕಾ! ನಾಟಕ ಕಂಪನಿ ಮುಳುಗಿದಾಗ ಈ ಬೀದಿಗೆ ಬಿದ್ದ ಮಹಾರಾಜನ ಪಾತ್ರಧಾರಿ ನನ್ನನ್ನು ಕರೆದು ಅನ್ನಕ್ಕೆ ದಾರಿ ಮಾಡಿದವಳು ನೀನು. ಇಂದಿಗೂ ನಿನ್ನ ಕೈರುಚಿಯೇ ನನ್ನನ್ನು ಸಾಕುತ್ತಿದೆ. ಸಂಜೆಗೆ ಉಪ್ಪಿಲ್ಲದೆ ಹಿಟ್ಟು ನಾದಿದೆ. ಹೊಸ ಗಿರಾಕಿಯೊಬ್ಬ, “ಉಪ್ಪೇ ಇಲ್ವಲ್ರೀ!” ಎಂದು ರೇಗಿದ. ನಾನು ಎದೆಯುಬ್ಬಿಸಿ, ಗಾಜಿನ ಲೋಟಗಳು ನಡುಗುವಂತೆ ಘರ್ಜಿಸಿದೆ: “ಇಲ್ಲ ಸ್ವಾಮೀ! ನಮ್ಮಕ್ಕ ಮಾಡಿದ್ದೇ ಸರಿ!”

ನೀನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ ದಿನಗಳಲ್ಲೂ ನನಗೆ ಇದೇ ಗಂಟಲಿತ್ತು; ಗಿರಾಕಿಗಳ ಜೊತೆ ನಕ್ಕೆನೇ ಹೊರತು ಒಮ್ಮೆಯೂ ಹೀಗೆ ಘರ್ಜಿಸಲಿಲ್ಲ.