ಸೊಟ್ಟ ತಂತಿ

ನುಂಗಂಬಾಕ್ಕಂ, ಮದ್ರಾಸ್
೧೭ ಆಗಸ್ಟ್ ೧೯೬೫

ಪ್ರೊಫೆಸರ್ ಮಧ್ವರಾಜ ಅವರಿಗೆ ಅಂಬುಜಮ್ಮನ ನಮಸ್ಕಾರ.

ನೀವು ಕನ್ನಡದವರೆಂದು ನಿಮ್ಮಲ್ಲಿ ಸಂಶೋಧನೆ ಮಾಡುತ್ತಿರುವ ನನ್ನ ಮೊಮ್ಮಗಳು ಕೌಸಲ್ಯಾ ಹೇಳಿದ್ದಳು. ಆದ್ದರಿಂದ ಇಂಗ್ಲಿಷಿಗಾಗಿ ಯಾರನ್ನೂ ಕೇಳದೆ ನಾನೇ ಬರೆಯುತ್ತಿದ್ದೇನೆ.

ಲೆಕ್ಕ ತಪ್ಪಿದೆಯೆಂದು ಅವಳ ಕೆಲಸವನ್ನು ಬೇರೆಯವರಿಗೆ ಕೊಡುವುದಾಗಿ ಹೇಳಿದಿರಂತೆ. ಅವಳು ತಪ್ಪು ತನ್ನದೇ ಎಂದು ಒಪ್ಪಿಕೊಂಡು ಬಂದಿದ್ದಾಳೆ. ಅದು ಸುಳ್ಳು.

ಅಮೈನೋ ಆಮ್ಲಗಳ ಪಕ್ಕದ ಸರಪಳಿಗಳು ನೀರಿನಲ್ಲಿ ಹೇಗೆ ಬಾಗಿ ನಿಲ್ಲುತ್ತವೆಂದು ತೋರಿಸಲು ಅವಳು ತಂತಿ, ಮರದ ಮಣಿಗಳಿಂದ ಮಾಡಿದ ಮಾದರಿಗಳು ನಮ್ಮ ನಡುಮನೆಯಲ್ಲಿದ್ದವು. ವರಮಹಾಲಕ್ಷ್ಮಿ ಹಬ್ಬಕ್ಕೆ ಮನೆ ಒರೆಸುವಾಗ ಎರಡು ಸೊಟ್ಟಗೆ ಕಂಡವು. ನಾನೇ ನೆಟ್ಟಗೆ ಮಾಡಿಟ್ಟೆ. ತಿಳಿಯದೆ ಅವಳು ಅವನ್ನೇ ಅಳೆದಳು.

ನಿನ್ನೆ ತಪ್ಪು ಎಲ್ಲಾಯಿತೆಂದು ಕೇಳಿದಾಗ, “ಅದು ಸೊಟ್ಟ ಅಲ್ಲ ಅಜ್ಜಿ, ನೀರಲ್ಲಿ ಅದು ಇರೋದೇ ಹಾಗೆ” ಅಂದಳು.

“ಮತ್ತೆ ಅವರಿಗ್ಯಾಕೆ ಹೇಳಲಿಲ್ಲ?”

“ನಿಮ್ಮ ಮೇಲೆ ಹೇಳಿ ನಾನು ತಪ್ಪಿಸ್ಕೊಳ್ಳಲಾ?” ಎಂದು ನನ್ನನ್ನೇ ಕೇಳಿದಳು.

ನಾನು ಮಾಡಿದ್ದನ್ನು ಇನ್ನೊಬ್ಬರು ಹೊರುವ ಪದ್ಧತಿ ಈ ಮನೆಯಲ್ಲಿಲ್ಲ. ನೀವೂ ಒಂದು ಮಾತು ವಿಚಾರಿಸಬಹುದಿತ್ತು.

ಇವತ್ತು ಬೆಳಿಗ್ಗೆ ಆ ಎರಡನ್ನೂ ಮೊದಲಿನಂತೆ ಬಾಗಿಸಿದೆವು. ಅವಳು ಕೋನ ಅಳೆದಳು, ನಾನು ಅಲುಗಾಡದೆ ಹಿಡಿದುಕೊಂಡಿದ್ದೆ. ಕೆಲಸ ಅವಳದಾಗಿಯೇ ಇರಲಿ. ಹೊಸ ಲೆಕ್ಕಕ್ಕೆ ಒಂದು ವಾರ ಕೊಡಿ.

ಸೋಮವಾರ ಮಾದರಿಗಳನ್ನು ನಾನೇ ಮಡಿಲಲ್ಲಿಟ್ಟುಕೊಂಡು ರಿಕ್ಷಾದಲ್ಲಿ ತರುತ್ತೇನೆ. ಇಳಿಸಿಕೊಳ್ಳಲು ಬರುವವರಿಗೆ ತಂತಿ ಮುಟ್ಟಬಾರದೆಂದು ಮೊದಲೇ ಹೇಳಿಡಿ. ನೋಡಿದವರಿಗೆ ನೆಟ್ಟಗೆ ಮಾಡಬೇಕೆನಿಸುತ್ತದೆ.

ಇಂತು,
ಅಂಬುಜಮ್ಮ