ಏಳನೇ ಗುಳಿಯಲ್ಲಿ ಕೊಟ್ಟ ಮಾತು

ಅಕ್ಕಾ,

ಫೋನಿನಲ್ಲಿ ಹೇಳಿದರೆ ಮಗಳ ಕಿವಿಗೆ ಬೀಳುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಅವಳನ್ನು ನೋಡಿಹೋದ ಹುಡುಗನ ಅಪ್ಪ ಮೊನ್ನೆ ನನ್ನನ್ನು ಗಾಲ್ಫಿಗೆ ಕರೆದರು. ಮಟಮಟ ಮಧ್ಯಾಹ್ನ, ನಲವತ್ತೈದು ಡಿಗ್ರಿ ಬಿಸಿಲು. ಅವರು ಮೊದಲು ಸಾಕು ಅನ್ನಲಿ ಎಂದು ನಾನು, ನಾನು ಅನ್ನಲಿ ಎಂದು ಅವರು, ಹೀಗೇ ಆರು ಗುಳಿ ಮುಗಿಸಿದೆವು. ಏಳನೆಯದರಲ್ಲಿ ಅವರು ಏನೋ ಕೇಳಿದರು. ನನಗೆ ಕಣ್ಣು ಕತ್ತಲಿಡುತ್ತಿತ್ತು. ಆಟ ನಿಂತರೆ ಸಾಕೆಂದು ತಲೆಯಾಡಿಸಿಬಿಟ್ಟೆ.

"ಹಾಗಾದ್ರೆ ಮಾತು ಪಕ್ಕಾ!" ಎಂದು ಕೈ ಕುಲುಕಿದರು.

ಯಾವ ಮಾತು? ಮದುವೆಯ ತಿಂಗಳೋ, ಅವಳು ಕೆಲಸ ಬಿಡುವುದೋ, ಒಂದೂ ತಿಳಿಯದು. ಮೂವತ್ತು ವರ್ಷ ಟೈಲ್ಸ್ ಮಾರಿದವನು, ಹೀಗೆ ಒಪ್ಪಿದ್ದು ಇದೇ ಮೊದಲು. ನೀನು ಹುಡುಗನ ತಾಯಿಯ ಹತ್ತಿರ ಉಪಾಯವಾಗಿ ವಿಚಾರಿಸು.

"ಅಪ್ಪಾ, ಅವ್ರು ಏನಂದ್ರು?" ಎಂದು ಮಗಳು ಎರಡು ಸಲ ಬಂದಳು. ಜ್ವರವೆಂದು ಹಣೆಗೆ ಒದ್ದೆ ಬಟ್ಟೆ ಹಾಕಿಕೊಂಡು ಮಲಗಿದ್ದೇನೆ. ಜ್ವರ ನಿನ್ನೆಯೇ ಬಿಟ್ಟಿದೆ, ಅವಳಿಗೆ ಹೇಳಬೇಡ.

ನಿನ್ನ ತಮ್ಮ